ಆರು ವರ್ಷಕ್ಕೊಂದು ಗೇಮ್

2023ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಕೋರ್ಟಿನಲ್ಲಿ ತಮಾಷೆಯ ಪ್ರಸಂಗ ನಡೆಯಿತು. ಮೈಕ್ರೋಸಾಫ್ಟ್ ಕಂಪನಿ ಆ್ಯಕ್ಟಿವಿಷನ್ ಅನ್ನುವ ವಿಡಿಯೊ ಗೇಮ್ ಕಂಪನಿಯನ್ನು ಕೊಂಡುಕೊಳ್ಳಬಾರದು ಅಂತ ಅಮೆರಿಕದ ಎಫ್‌ಟಿಸಿ (ವ್ಯಾಪಾರದ ಪೈಪೋಟಿ ಕಾಯುವ ಸರ್ಕಾರಿ ಸಂಸ್ಥೆ) ಹೂಡಿದ್ದ ಕೇಸು ಅದು. ಅದರಲ್ಲಿ ಪ್ಲೇಸ್ಟೇಷನ್ ಮಾಡುವ ಸೋನಿಯ ಹೇಳಿಕೆಯೂ ಇತ್ತು. ಹೊರಗೆ ಗೊತ್ತಾಗಬಾರದ ಅಂಕಿಗಳ ಮೇಲೆ ಯಾರೋ ಕಪ್ಪು ಮಾರ್ಕರ್ ಎಳೆದು, ಆಮೇಲೆ ಆ ಹಾಳೆಗಳನ್ನು ಸ್ಕ್ಯಾನ್ ಮಾಡಿದ್ದರು. ಸ್ಕ್ಯಾನ್ ಆದ ಪ್ರತಿಯಲ್ಲಿ ಮಸಿಯ ಅಡಿಯ ಅಕ್ಷರಗಳು ಕಣ್ಣಿಗೆ ಬೀಳುತ್ತಿದ್ದವು. ಫೈಲನ್ನು ವಾಪಸ್ ತೆಗೆಯುವಷ್ಟರಲ್ಲಿ ಪತ್ರಕರ್ತರು ಓದಿ ಮುಗಿಸಿದ್ದರು.

ಅದರ ಪ್ರಕಾರ ಸೋನಿಯ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಗೇಮಿಗೆ ಆದ ಖರ್ಚು 22 ಕೋಟಿ ಡಾಲರ್. ಕೆಲಸ ಜೋರಾಗಿದ್ದಾಗ ಸುಮಾರು 200 ಜನ. 'ಹಾರಿಜನ್ ಫರ್ಬಿಡನ್ ವೆಸ್ಟ್' ಗೇಮಿಗೆ 21.2 ಕೋಟಿ ಡಾಲರ್. 300 ಜನ, ಐದು ವರ್ಷ. ಆಗಿನ ಲೆಕ್ಕದಲ್ಲಿ ಮೊದಲನೆಯದ್ದಕ್ಕೆ ಸುಮಾರು 1,800 ಕೋಟಿ ರೂಪಾಯಿ ಆಯಿತು. ಇದು ಬರೀ ತಯಾರಿಕೆಯ ಖರ್ಚು. ಜಾಹೀರಾತಿನ ಬಾಬ್ತು ಬೇರೆ.

ಇಷ್ಟು ದುಡ್ಡು ಎಲ್ಲಿಗೆ ಹೋಗುತ್ತೆ? ಉತ್ತರ ತೀರಾ ಸಪ್ಪೆ. ಸಂಬಳಕ್ಕೆ. ಅಮೆರಿಕದ ಸ್ಟುಡಿಯೊಗಳಲ್ಲಿ ಬಹಳ ವರ್ಷ ಓಡಾಡಿದ ಒಂದು ಅಂದಾಜಿದೆ. ಸಂಬಳ, ವಿಮೆ, ಬಾಡಿಗೆ, ಕಂಪ್ಯೂಟರ್ ಎಲ್ಲ ಸೇರಿ ತಲೆಗೆ ತಿಂಗಳಿಗೆ 10,000 ಡಾಲರ್. ಈಗ ಅದಕ್ಕಿಂತ ಜಾಸ್ತಿಯೇ ಆಗಿದೆ. ಹಳೆಯ ದರದಲ್ಲೇ ನೋಡೋಣ. 300 ಜನಕ್ಕೆ ತಿಂಗಳಿಗೆ 30 ಲಕ್ಷ ಡಾಲರ್. 60 ತಿಂಗಳಿಗೆ 18 ಕೋಟಿ. ಮಾರ್ಕರ್ ಅಡಿಯಲ್ಲಿದ್ದ ಅಂಕಿಯ ಹತ್ತಿರಕ್ಕೆ ಬಂದೇ ಬಿಟ್ಟೆವು ಅಲ್ವಾ?

ಹಾಗಾಗಿ ದೊಡ್ಡ ಗೇಮುಗಳ ಬಜೆಟ್ ಬಗ್ಗೆ ಮಾತಾಡುವಾಗ ಎಲ್ಲರೂ ಡಾಲರ್ ಹಿಡಿದುಕೊಂಡು ಕೂರುವುದು ನನಗೆ ಸರಿ ಕಾಣುವುದಿಲ್ಲ. ಲೆಕ್ಕದಲ್ಲಿ ನಿಜವಾಗಿ ಬೆಳೆಯುತ್ತಿರುವುದು ತಿಂಗಳುಗಳು. ದುಡ್ಡು ಆ ತಿಂಗಳುಗಳ ಹಿಂದೆ ಓಡುತ್ತಿದೆ.

ರಾಕ್‌ಸ್ಟಾರ್ ಕಂಪನಿಯನ್ನೇ ತಗೊಳ್ಳಿ. ಅವರ ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೊ) ಸರಣಿಯ 3ನೆಯದ್ದು ಬಂದದ್ದು 2001ರಲ್ಲಿ. ವೈಸ್ ಸಿಟಿ 2002ರಲ್ಲಿ. ಸ್ಯಾನ್ ಆಂಡ್ರಿಯಾಸ್ 2004ರಲ್ಲಿ. ಮೂರು ವರ್ಷದಲ್ಲಿ ಮೂರು ಗೇಮ್, ಮೂರೂ ಜನರ ಬಾಯಲ್ಲಿ ಇವತ್ತಿಗೂ ಇವೆ. (ನಮ್ಮ ವಾರಿಗೆಯವರು ವೈಸ್ ಸಿಟಿ ಆಡಿದ್ದು ಬೆಂಗಳೂರಿನ ಎಸ್.ಪಿ. ರೋಡಿನ ನಕಲಿ ಸಿ.ಡಿ.ಯಲ್ಲಿ. ಹಾಗಾಗಿ ಇಂಡಸ್ಟ್ರಿ ಉಳಿಯುತ್ತೋ ಇಲ್ಲವೋ ಅಂತ ಚಿಂತೆ ಮಾಡುವ ಹಕ್ಕು ನಮಗೆಷ್ಟಿದೆ ಅನ್ನುವುದು ಬೇರೆ ವಿಷಯ.) ನಾಲ್ಕನೆಯದ್ದು 2008ಕ್ಕೆ, ಐದನೆಯದ್ದು 2013ಕ್ಕೆ ಬಂತು. ಆರನೆಯದ್ದಕ್ಕೆ ಮೊದಲು 2025 ಅಂದರು, ಆಮೇಲೆ 2026ರ ಮೇ ಅಂದರು, ಆಮೇಲೆ 2026ರ ನವೆಂಬರ್ ಅಂದರು.

ನಾಟಿ ಡಾಗ್ ಸ್ಟುಡಿಯೊ ಇನ್ನೂ ಸ್ಪಷ್ಟವಾದ ಉದಾಹರಣೆ. ಪಿಎಸ್3 (ಪ್ಲೇಸ್ಟೇಷನ್ 3) ಕಾಲದಲ್ಲಿ, 2007ರಿಂದ 2013ರವರೆಗೆ, ಅಲ್ಲಿಂದ ಅನ್‌ಚಾರ್ಟೆಡ್ ಸರಣಿಯ ಮೂರು ಗೇಮುಗಳೂ ಮೊದಲ 'ಲಾಸ್ಟ್ ಆಫ್ ಅಸ್' ಕೂಡ ಬಂದವು. ಆರು ವರ್ಷಕ್ಕೆ ನಾಲ್ಕು. ಪಿಎಸ್5 ಅಂಗಡಿಗೆ ಬಂದದ್ದು 2020ರ ನವೆಂಬರ್‌ನಲ್ಲಿ. ಅದಾದ ಮೇಲೆ ಐದು ವರ್ಷ ಕಳೆದರೂ ಅವರಿಂದ ಹಳೆಯದಕ್ಕೆ ಹೊಸ ಬಣ್ಣ ಹೊಡೆದ ಆವೃತ್ತಿಗಳನ್ನು ಬಿಟ್ಟರೆ ಹೊಚ್ಚಹೊಸ ಗೇಮ್ ಒಂದೂ ಇಲ್ಲ. ನಡುವೆ ಒಂದು ಆನ್‌ಲೈನ್ ಗೇಮ್ ಮಾಡಲು ಹೊರಟು, 2023ರ ಡಿಸೆಂಬರ್‌ನಲ್ಲಿ ಕೈಬಿಟ್ಟರು. ಅದನ್ನು ಮುಂದುವರಿಸಿದರೆ ಸ್ಟುಡಿಯೊದ ಎಲ್ಲ ಕೈಗಳೂ ವರ್ಷಗಟ್ಟಲೆ ಅದಕ್ಕೇ ಹೋಗಿಬಿಡುತ್ತವೆ, ಕಥೆ ಇರುವ ಗೇಮುಗಳಿಗೆ ಏನೂ ಉಳಿಯಲ್ಲ ಅಂತ ಅವರೇ ಹೇಳಿಕೊಂಡರು.

ಇದರಿಂದ ಏನಾಗುತ್ತೆ ಅಂದರೆ, ಇಪ್ಪತ್ತೈದು ವಯಸ್ಸಿಗೆ ಕೆಲಸಕ್ಕೆ ಸೇರಿದ ಒಬ್ಬ ಡಿಸೈನರ್ ನಲವತ್ತೈದಾಗುವಷ್ಟರಲ್ಲಿ ಮುಗಿಸುವುದು ಮೂರೋ ನಾಲ್ಕೋ ಗೇಮ್. ಮಾಡಿ, ಸೋತು, ತಿದ್ದಿಕೊಂಡು ಮತ್ತೆ ಮಾಡುವುದರಿಂದಲೇ ಕಸುಬು ಕೈಗೆ ಹತ್ತುವುದು. ಮೂರು ಸಲ ಮಾತ್ರ ಮಾಡುವ ಅವಕಾಶ ಇರುವ ಕಸುಬಿನಲ್ಲಿ ಯಾರು ಹೊಸ ಪ್ರಯೋಗಕ್ಕೆ ಕೈ ಹಾಕುತ್ತಾರೆ? ಪ್ರತಿ ಸಲವೂ ಸ್ಟುಡಿಯೊದ ಉಳಿವೇ ಪಣಕ್ಕೆ ಬಿದ್ದಿರುವಾಗ ಮೇಲಿನವರು ಕೇಳುವುದು ಕಳೆದ ಸಲ ಗೆದ್ದದ್ದನ್ನೇ, ಸ್ವಲ್ಪ ದೊಡ್ಡದಾಗಿ.

ಸ್ವಲ್ಪ ದೊಡ್ಡದಾಗಿ ಅಂದರೆ ಎಷ್ಟು ಅಂತ ಸ್ಪೈಡರ್‌ಮ್ಯಾನ್ ಹೇಳುತ್ತೆ. 2023ರ ಡಿಸೆಂಬರ್‌ನಲ್ಲಿ, ಅದನ್ನು ಮಾಡಿದ ಸೋನಿಯ ಇನ್ಸಾಮ್ನಿಯಾಕ್ ಸ್ಟುಡಿಯೊದ ಕಂಪ್ಯೂಟರ್‌ಗಳಿಗೆ ನುಗ್ಗಿದ ಹ್ಯಾಕರ್‌ಗಳು, ಕೇಳಿದ ದುಡ್ಡು ಸಿಗದೆ ಹೋದಾಗ ಹತ್ತು ಲಕ್ಷಕ್ಕೂ ಜಾಸ್ತಿ ಫೈಲುಗಳನ್ನು ಬೀದಿಗೆಸೆದರು. ನೌಕರರ ಖಾಸಗಿ ದಾಖಲೆಗಳೂ ಅದರಲ್ಲಿದ್ದವು. ಹೊಲಸು ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಲ್ಲಿದ್ದ ಅಂಕಿಗಳು ಜಗತ್ತಿಗೆಲ್ಲ ಗೊತ್ತಾಗಿಬಿಟ್ಟವು. 2018ರ ಸ್ಪೈಡರ್‌ಮ್ಯಾನ್‌ಗೆ ಸುಮಾರು 10 ಕೋಟಿ ಡಾಲರ್ ಖರ್ಚಾಗಿತ್ತು. 2023ರ 'ಸ್ಪೈಡರ್‌ಮ್ಯಾನ್ 2'ಗೆ ಸುಮಾರು 30 ಕೋಟಿ. ಹಾಕಿದ ದುಡ್ಡು ವಾಪಸ್ ಬರಬೇಕಾದರೆ 72 ಲಕ್ಷ ಪ್ರತಿ ಮಾರಬೇಕು. ಇನ್ನೊಂದು ಸ್ಲೈಡಿನಲ್ಲಿ ಅವರವರೇ ಕೇಳಿಕೊಂಡಿದ್ದ ಪ್ರಶ್ನೆ ನನ್ನ ತಲೆಯಿಂದ ಹೋಗುತ್ತಿಲ್ಲ. ಮೂರು ಪಟ್ಟು ಖರ್ಚು ಮಾಡಿದ್ದೇವಲ್ಲ, ಆಡುವವರಿಗೆ ಅದು ಕಾಣಿಸುತ್ತಾ?

ನಾನು ಎರಡೂ ಆಡಿದ್ದೇನೆ. ಎರಡನೆಯದ್ದು ಚೆನ್ನಾಗಿದೆ. ಊರು ದೊಡ್ಡದಾಗಿದೆ, ಹಾರಾಟ ಜೋರಾಗಿದೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ಲೋಡಿಂಗ್ ಕಾಯಬೇಕಾಗಿಲ್ಲ. ಆದರೆ ಮೂರು ಪಟ್ಟು ಖುಷಿ? ಸುಮ್ನೆ ಸುಳ್ಳು ಹೇಳಬಾರದು. ಇಲ್ಲ.

ತಪ್ಪೆಲ್ಲ ಕಂಪನಿಗಳ ತಲೆಗೆ ಕಟ್ಟಿ ನಾವು ಪಾರಾಗುವಂತೆಯೂ ಇಲ್ಲ. ಮೊದಲ ಸ್ಪೈಡರ್‌ಮ್ಯಾನ್ ಬರುವ ಮುಂಚೆ ಇಂಟರ್‌ನೆಟ್‌ನಲ್ಲಿ ಒಂದು ದೊಡ್ಡ ಗಲಾಟೆ ಆಯಿತು. ಯಾತಕ್ಕೆ? ನೀರಿನ ಗುಂಡಿಗೆ. ಹಿಂದಿನ ವರ್ಷದ ಡೆಮೊದಲ್ಲಿ ನೆಲದ ಮೇಲೆ ನಿಂತ ನೀರು ಜಾಸ್ತಿ ಇತ್ತಂತೆ, ಹೊಸ ಚಿತ್ರದಲ್ಲಿ ಕಡಿಮೆ ಇದೆಯಂತೆ. ಮೋಸ, ಗ್ರಾಫಿಕ್ಸ್ ಇಳಿಸಿದ್ದಾರೆ ಅಂತ ಜನ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಬಾಣದ ಗುರುತು ಹಾಕಿ ಜಗಳಕ್ಕೆ ನಿಂತರು. ಗುಂಡಿಯ ಅಳತೆ ಬದಲಾಗಿದೆ ಅಷ್ಟೆ ಅಂತ ಸ್ಟುಡಿಯೊದವರು ಸಮಾಧಾನ ಹೇಳಬೇಕಾಯಿತು. ಆಮೇಲೆ ಒಂದು ಅಪ್‌ಡೇಟಿನಲ್ಲಿ ಫೋಟೊಗೆ ಅಂಟಿಸಿಕೊಳ್ಳುವ ಸ್ಟಿಕ್ಕರ್‌ಗಳ ಜೊತೆ ನೀರಿನ ಗುಂಡಿಯದ್ದೂ ಒಂದು ಸೇರಿಸಿ ಅಣಕಿಸಿದರು. ಒಳ್ಳೆ ಏಟು. ಆದರೆ ಅಂಥ ಗಲಾಟೆ ನೋಡಿದ ಯಾವ ಮ್ಯಾನೇಜರ್ ಮುಂದಿನ ಸಲ ಗುಂಡಿಗೆ ಕಡಿಮೆ ಜನ ಹಾಕುತ್ತಾನೆ ಹೇಳಿ?

ಈ ಗುಂಡಿಗಳನ್ನು, ಕಾರುಗಳನ್ನು, ಬೇಲಿ, ಬಾಗಿಲು, ಬಾಟಲಿಗಳನ್ನು ಮಾಡುವವರಲ್ಲಿ ತುಂಬಾ ಜನ ನಮ್ಮ ಬೆಂಗಳೂರಿನಲ್ಲೇ ಇದ್ದಾರೆ. ನನ್ನ ಗೆಳೆಯನೊಬ್ಬ ಕೆಲವು ಕಾಲ ಇಂಥ ಒಂದು ಸ್ಟುಡಿಯೊದಲ್ಲಿ ಕಾರಿನ ಒಳಭಾಗ ಮಾಡುತ್ತಿದ್ದ. ಇಡೀ ಕಾರಲ್ಲ, ಒಳಭಾಗ ಮಾತ್ರ. ಮೊದಲು ಫೋಟೊಗಳನ್ನು ಇಟ್ಟುಕೊಂಡು ಹೈ-ಪಾಲಿ ಮಾಡೆಲ್ ಮಾಡುವುದು, ಅಂದರೆ ಪಾಲಿಗನ್ ಅನ್ನುವ ಪುಟ್ಟ ಚಪ್ಪಟೆ ತುಂಡುಗಳನ್ನು ತುಂಬಾ ಜೋಡಿಸಿದ ಮಾಡೆಲ್. ಆಮೇಲೆ ಗೇಮ್ ಓಡಿಸಲು ಆಗುವಷ್ಟು ಹಗುರವಾದ ಲೋ-ಪಾಲಿ. ಅದನ್ನು ಬಟ್ಟೆ ಬಿಚ್ಚಿ ಹರವಿದಂತೆ ಯುವಿ ಬಿಡಿಸಿ, ಹೈ-ಪಾಲಿಯ ಸುಕ್ಕು ಗೀರುಗಳನ್ನೆಲ್ಲ ಅದರ ಮೇಲೆ ಬೇಕ್ ಮಾಡುವುದು, ಅಂದರೆ ಚಿತ್ರದಂತೆ ಅಚ್ಚೊತ್ತುವುದು. ಆಮೇಲೆ ಟೆಕ್ಸ್ಚರ್, ಅಂದರೆ ಮೇಲಿನ ಬಣ್ಣ, ಹೊಳಪು. ಆಮೇಲೆ ಕಾರು ದೂರ ಹೋದಂತೆ ತೋರಿಸಬೇಕಾದ ಎಲ್‌ಒಡಿಗಳು, ಅಂದರೆ ಅದೇ ಕಾರಿನ ಕಡಿಮೆ ವಿವರದ ನಕಲುಗಳು. ರಾತ್ರಿ ವಿದೇಶದ ಮುಖ್ಯ ಸ್ಟುಡಿಯೊದಿಂದ ಫೀಡ್‌ಬ್ಯಾಕ್ ಬರುತ್ತೆ. ಬೆಳಗ್ಗೆ ಬಂದು ನೋಡಿದರೆ ಸ್ಕ್ರೀನ್‌ಶಾಟ್ ಮೇಲೆ ಕೆಂಪು ಸುತ್ತುಗಳು. ಸೀಟಿನ ಹೊಲಿಗೆಯ ದಾರ ಒಂದು ಕಡೆ ದಪ್ಪವಾಯಿತು. ಏರ್ ವೆಂಟ್‌ನ ಅಂಚು ಚೂಪಾಯಿತು. ಸರಿ ಮಾಡು, ಕಳಿಸು, ಮತ್ತೆ ಕೆಂಪು ಸುತ್ತು. "ಗಂಟೆಗೆ ಇನ್ನೂರು ಮೈಲಿ ಓಡಿಸುವಾಗ ಹೊಲಿಗೆ ನೋಡೋನು ಮರಕ್ಕೆ ಗುದ್ದಿರ್ತಾನೆ" ಅನ್ನುತ್ತಿದ್ದ ಅವನು.

ಗ್ರಾನ್ ಟುರಿಸ್ಮೊ ಅನ್ನುವ ಕಾರ್ ರೇಸಿನ ಸರಣಿಯನ್ನು ನೋಡಿದರೆ ಅವನ ಮಾತಿಗೆ ಅಂಕಿ ಸಿಗುತ್ತೆ. 1997ರ ಮೊದಲ ಗೇಮಿನಲ್ಲಿ ಒಂದು ಕಾರಿಗೆ ಸುಮಾರು 300 ಪಾಲಿಗನ್. ಮೂರನೆಯ, ನಾಲ್ಕನೆಯ ಗೇಮಿಗೆ ಬಂದಾಗ ಸುಮಾರು 4,000. ಐದನೆಯದ್ದರಲ್ಲಿ ಲಕ್ಷಗಟ್ಟಲೆ. ಏಳನೆಯ ಗೇಮಿನ ಹೊತ್ತಿಗೆ ಒಂದು ಕಾರಿಗೆ ಒಬ್ಬ ಮನುಷ್ಯನ 270 ದಿನದ ಕೆಲಸ ಬೇಕು ಅಂತ ಅದರ ಕರ್ತೃ ಕಝುನೊರಿ ಯಮೌಚಿ ಹೇಳಿದ್ದಾರೆ. ಆ ಸರಣಿಯ ಮಟ್ಟಿಗೆ ನನಗೆ ತಕರಾರಿಲ್ಲ. ಅಲ್ಲಿ ಕಾರೇ ನಾಯಕ. ಕಥೆಯ ನಡುವೆ ರಸ್ತೆ ಬದಿಯಲ್ಲಿ ಸುಮ್ಮನೆ ನಿಂತಿರುವ ಕಾರಿಗೂ ಅದೇ ಆಸೆ ಹತ್ತಿದಾಗ ಕಷ್ಟ ಶುರುವಾಗುತ್ತೆ.

ಬೆಂಗಳೂರಿನ ನಂಟು ಕೂಲಿ ಕೆಲಸಕ್ಕೆ ಮಾತ್ರ ಸೀಮಿತವಾಗಿಲ್ಲ, ದೂರದ ಊರಿನ ಸೋಲೂ ಇಲ್ಲಿಗೆ ತಲುಪುತ್ತೆ. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಶುರು ಮಾಡಿದ ಧ್ರುವ ಇಂಟರ್‌ಆ್ಯಕ್ಟಿವ್ ಭಾರತದ ಮೊದಮೊದಲ ಗೇಮ್ ಸ್ಟುಡಿಯೊಗಳಲ್ಲಿ ಒಂದು. ಫೋರ್ಜಾ, ಡೇಸ್ ಗಾನ್ ತರಹದ ದೊಡ್ಡ ಗೇಮುಗಳಿಗೆ ಅಲ್ಲಿನ ಕಲಾವಿದರು ಕೆಲಸ ಮಾಡಿದ್ದಾರೆ. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿ ಅದನ್ನು ಕೊಂಡುಕೊಂಡಿತು. 2018ರ ನವೆಂಬರ್‌ನಲ್ಲಿ ಆ ಕಂಪನಿಯ ವಾಕಿಂಗ್ ಡೆಡ್ ಗೇಮ್ ನೆಲ ಕಚ್ಚಿತು. ಒಂದು ತಿಂಗಳೊಳಗೆ ಕಂಪನಿ ಸ್ವೀಡನ್ನಿನ ಕೋರ್ಟಿನ ಮುಂದೆ ರಕ್ಷಣೆ ಕೇಳಿ ನಿಂತಿತು. ಕೈಯಲ್ಲಿದ್ದದ್ದನ್ನೆಲ್ಲ ಮಾರುವ ಹೊತ್ತಿನಲ್ಲಿ, 2019ರ ಮೇ ತಿಂಗಳಲ್ಲಿ, ಧ್ರುವ ಸುಮಾರು 79 ಲಕ್ಷ ಡಾಲರ್‌ಗೆ ರಾಕ್‌ಸ್ಟಾರ್ ಪಾಲಾಯಿತು. ಇಲ್ಲಿನವರ ಅದೃಷ್ಟ, ಕೊಂಡವರು ಗಟ್ಟಿ ಕುಳ. ಈಗ ಅದು ರಾಕ್‌ಸ್ಟಾರ್‌ನ ಬೆಂಗಳೂರು ಸ್ಟುಡಿಯೊದ ಭಾಗ. ಸ್ವೀಡನ್ನಿನಲ್ಲಿ ಯಾರೋ ಮಾಡಿದ ಗೇಮ್ ಜನಕ್ಕೆ ಹಿಡಿಸಲಿಲ್ಲ ಅನ್ನುವ ಕಾರಣಕ್ಕೆ ಬೆಂಗಳೂರಿನಲ್ಲಿ ನೂರಾರು ಜನರ ಮಾಲೀಕರು ಬದಲಾದರು. ಟೆಕ್ನಿಕಲರ್‌ನವರಿಗೆ ಆ ಅದೃಷ್ಟ ಇರಲಿಲ್ಲ. ಅವರದ್ದು ಮುಖ್ಯವಾಗಿ ಸಿನಿಮಾ ವಿಎಫ್ಎಕ್ಸ್, ಜೊತೆಗೆ ಗೇಮುಗಳ ವಿಭಾಗವೂ ಇತ್ತು. 2025ರ ಫೆಬ್ರವರಿಯಲ್ಲಿ ಪ್ಯಾರಿಸ್‌ನ ಮೂಲ ಕಂಪನಿ ಕುಸಿದಾಗ ಬೆಂಗಳೂರಿನಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು.

ಸೋತರೆ ಮನೆಗೆ ಹೋಗಬೇಕು ಅನ್ನುವುದು ಅರ್ಥ ಆಗುತ್ತೆ. ಸೋಲು ಅಂದರೆ ಸೋನಿಯ ಕಾನ್ಕಾರ್ಡ್ ಅನ್ನುವ ಆನ್‌ಲೈನ್ ಗೇಮ್. ಅದನ್ನು ಮಾಡಿದ ಫೈರ್‌ವಾಕ್ ಸ್ಟುಡಿಯೊ ಶುರುವಾದದ್ದು 2018ರಲ್ಲಿ. ಆಗ ಓವರ್‌ವಾಚ್ ತರಹದ ಹೀರೊ ಶೂಟರ್‌ಗಳ ಕಾಲ, ಅಂದರೆ ಒಬ್ಬೊಬ್ಬರಿಗೆ ಒಂದೊಂದು ಶಕ್ತಿ ಇರುವ ನಾಯಕರನ್ನು ಆರಿಸಿಕೊಂಡು ಗುಂಡು ಹಾರಿಸುವ ಗೇಮುಗಳ ಕಾಲ. 2022ಕ್ಕೆ ಓವರ್‌ವಾಚ್‌ನ ಎರಡನೇ ಆವೃತ್ತಿ ಬಿಟ್ಟಿಯಾಗಿ ಬಂತು. 2024ರ ಆಗಸ್ಟ್ 23ರಂದು ಕಾನ್ಕಾರ್ಡ್ 40 ಡಾಲರ್ ಬೆಲೆಯೊಂದಿಗೆ ಅಂಗಡಿಗೆ ಬಂದಾಗ ಜನ ಆ ಬೀದಿಯನ್ನೇ ಬಿಟ್ಟು ಹೋಗಿದ್ದರು. ಕಂಪ್ಯೂಟರ್ ಗೇಮುಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಒಂದೇ ಹೊತ್ತಿಗೆ ಆಡುತ್ತಿದ್ದವರ ಸಂಖ್ಯೆ 697 ದಾಟಲಿಲ್ಲ. ಎರಡು ವಾರಕ್ಕೆ, ಸೆಪ್ಟೆಂಬರ್ 6ರಂದು, ಸರ್ವರ್ ಬಂದ್. ಕೊಂಡವರಿಗೆಲ್ಲ ದುಡ್ಡು ವಾಪಸ್. ಅಕ್ಟೋಬರ್‌ನಲ್ಲಿ ಸ್ಟುಡಿಯೊಗೂ ಬೀಗ. ಗೇಮ್ ಕೆಟ್ಟದಾಗಿತ್ತು ಅಂತ ಆಡಿದವರು ಕೂಡ ಅಷ್ಟಾಗಿ ಹೇಳಲಿಲ್ಲ. ಗುಂಡು ಹಾರಿಸುವುದು ಚೆನ್ನಾಗೇ ಇತ್ತಂತೆ. 2018ರಲ್ಲಿ ಹಾಕಿದ ಪಂತಕ್ಕೆ 2024ರಲ್ಲಿ ಉತ್ತರ ಬಂದರೆ ಹೀಗೇ ಆಗುವುದು. ಆರು ವರ್ಷದ ಆಚೆ ಜನರ ರುಚಿ ಏನಿರುತ್ತೆ ಅಂತ ಯಾವ ಎಂಬಿಎಗೂ ಹೇಳಲು ಬರುವುದಿಲ್ಲ.

ಗೆದ್ದರೂ ಮನೆಗೆ ಹೋಗಬೇಕಾಗಿರುವುದು ಮಾತ್ರ ಅರ್ಥವೇ ಆಗುವುದಿಲ್ಲ. 'ಸ್ಪೈಡರ್‌ಮ್ಯಾನ್ 2' ಮೊದಲ ದಿನವೇ 25 ಲಕ್ಷ ಪ್ರತಿ ಮಾರಿತು, 2024ರ ಏಪ್ರಿಲ್ ಹೊತ್ತಿಗೆ ಅದು 1.1 ಕೋಟಿ ದಾಟಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಸೋನಿ 900 ಜನರನ್ನು ಕೆಲಸದಿಂದ ತೆಗೆದಾಗ ಇನ್ಸಾಮ್ನಿಯಾಕ್‌ನವರೂ ಆ ಪಟ್ಟಿಯಲ್ಲಿದ್ದರು. ಮೈಕ್ರೋಸಾಫ್ಟ್‌ನ ಟ್ಯಾಂಗೊ ಗೇಮ್‌ವರ್ಕ್ಸ್ 2023ರಲ್ಲಿ 'ಹೈ-ಫೈ ರಶ್' ಅನ್ನುವ ಮುದ್ದಾದ, ಅಷ್ಟೇನೂ ದೊಡ್ಡದಲ್ಲದ ಗೇಮ್ ಮಾಡಿತು. ಎಲ್ಲರೂ ಹೊಗಳಿದರು, ಪ್ರಶಸ್ತಿ ಬಂತು. 2024ರ ಮೇ ತಿಂಗಳಲ್ಲಿ ಆ ಸ್ಟುಡಿಯೊವನ್ನು ಮುಚ್ಚುತ್ತೇವೆ ಅಂದರು. ಕೊನೆಗೆ ಕೊರಿಯಾದ ಕ್ರಾಫ್ಟನ್ ಬಂದು ಅವರನ್ನು ಉಳಿಸಿಕೊಂಡಿತು. ಲೆಕ್ಕ ಇಟ್ಟವರ ಪ್ರಕಾರ 2023, 2024 ಎರಡೇ ವರ್ಷದಲ್ಲಿ ಜಗತ್ತಿನಾದ್ಯಂತ ಈ ಉದ್ಯಮದಲ್ಲಿ ಕೆಲಸ ಹೋದವರ ಸಂಖ್ಯೆ 20,000 ದಾಟಿದೆ. ಆರು ವರ್ಷ ಒಟ್ಟಿಗೆ ಕೂತು ಕಲಿತ ತಂಡವನ್ನು ಗೇಮ್ ಮುಗಿದ ದಿನ ಚದುರಿಸಿದರೆ, ಮುಂದಿನ ಗೇಮಿಗೆ ಮತ್ತೆ ಆರು ವರ್ಷ ಬೇಕಾಗುವುದರಲ್ಲಿ ಆಶ್ಚರ್ಯವೇನಿದೆ?

ಬೆಲೆ ಏರಿಸಿದರೆ ಸರಿಹೋಗುತ್ತೆ ಅನ್ನುವವರಿದ್ದಾರೆ. 2005ರ ಸುಮಾರಿಗೆ 60 ಡಾಲರ್ ಇದ್ದ ಗೇಮ್ 2020ರವರೆಗೂ ಅಲ್ಲೇ ನಿಂತಿತ್ತು, ಆಮೇಲೆ 70 ಆಯಿತು. ಆಗಿನ 60 ಇವತ್ತಿನ 90ಕ್ಕೂ ಮೇಲೆ. ಹಾಗೆ ನೋಡಿದರೆ ಗೇಮ್ ಅಗ್ಗವೇ ಆಗಿದೆ. ನಿಜ. ಆದರೆ ನಮ್ಮಲ್ಲಿ ಒಂದು ಪಿಎಸ್5 ಗೇಮಿಗೆ 4,999 ರೂಪಾಯಿ ಕೊಡುವವನಿಗೆ ಈ ವಾದ ಮಾಡಿ ನೋಡಿ. ಬಿಟ್ಟಿ ಸಿಗುವ ಬಿಜಿಎಂಐ ಮೊಬೈಲಿನಲ್ಲೇ ಇರುವಾಗ ಯಾರು ಕೇಳುತ್ತಾರೆ.

ನನಗೆ ದಾರಿ ಅನ್ನಿಸುವುದು ಜಪಾನಿನ ಒಂದು ಸ್ಟುಡಿಯೊದಲ್ಲಿದೆ. ಸೆಗಾ ಕಂಪನಿಯ ರ್ಯು ಗಾ ಗೊಟೊಕು ಸ್ಟುಡಿಯೊ, ಯಾಕುಜಾ ಸರಣಿಯವರು. 2005ರಲ್ಲಿ ಟೋಕಿಯೊದ ಕಬುಕಿಚೊ ಪೇಟೆಯನ್ನು ನೋಡಿ ಅವರು ಕಮುರೊಚೊ ಅನ್ನುವ ಬೀದಿಗಳನ್ನು ಕಟ್ಟಿದರು. ಅದೇ ಬೀದಿಗಳಲ್ಲಿ ಗೇಮಿನ ಮೇಲೆ ಗೇಮ್ ಮಾಡುತ್ತಾ ಬಂದರು. ನಮ್ಮ ಕಂಪನಿ ನಾಟಕಗಳಲ್ಲಿ ಬೀದಿಯ ಪರದೆ, ಕಾಡಿನ ಪರದೆ, ಅರಮನೆಯ ಪರದೆ ಅಂತ ಇರುತ್ತಿದ್ದವಲ್ಲ, ಇವತ್ತು ಒಂದು ಕಥೆ, ನಾಳೆ ಇನ್ನೊಂದು, ಪರದೆ ಮಾತ್ರ ಅದೇ. ಹಾಗೆ. ಇಪ್ಪತ್ತು ವರ್ಷದಲ್ಲಿ ಆ ಪೇಟೆಯ ಅಂಗಡಿಗಳು ಬದಲಾಗಿವೆ, ಗ್ರಾಫಿಕ್ಸ್ ಸುಧಾರಿಸಿದೆ. ಆಡುವವರಿಗೆ ಅದು ಬೇಜಾರಾಗಿಲ್ಲ, ಹಳೇ ಬಡಾವಣೆಗೆ ವಾಪಸ್ ಹೋದ ಖುಷಿ. 2024ರ ಜನವರಿಯ ಗೇಮಿಗೆ ಹೊಸದಾಗಿ ಹವಾಯಿಯ ಹೊನೊಲುಲು ಕಟ್ಟಿದರು. ಒಂದು ವರ್ಷದ ಆಚೆ, 2025ರ ಫೆಬ್ರವರಿಯಲ್ಲಿ, ಅದೇ ಹೊನೊಲುಲುವನ್ನು ಇಟ್ಟುಕೊಂಡು ಕಡಲ್ಗಳ್ಳರ ಗೇಮ್ ಬಂತು. ಕಟ್ಟಿದ ಊರು ದುಡಿಯಬೇಕು ಅನ್ನುವುದು ಅವರಿಗೆ ಗೊತ್ತು.

ಇದರಲ್ಲಿ ಗುಣ ಕೆಡುತ್ತೆ ಅನ್ನುವವರು ನಿಂಟೆಂಡೊ ಕಡೆ ನೋಡಬಹುದು. 1998ರ ಜೆಲ್ಡಾ ಗೇಮಿನ ಸಾಮಾನುಗಳನ್ನೇ ಇಟ್ಟುಕೊಂಡು 2000ದಲ್ಲಿ 'ಮಜೋರಾಸ್ ಮಾಸ್ಕ್' ಬಂತು. ಇಡೀ ಸರಣಿಯಲ್ಲಿ ಅತ್ಯಂತ ವಿಚಿತ್ರವಾದ, ಮರೆಯಲಾಗದ ಗೇಮ್ ಅದೇ ಅನ್ನುವವರು ಬಹಳ. 2023ರ 'ಟಿಯರ್ಸ್ ಆಫ್ ದಿ ಕಿಂಗ್ಡಮ್' 2017ರ ಗೇಮಿನ ಅದೇ ನಕಾಶೆಯ ಮೇಲೆ ನಿಂತಿದೆ. ಮೂರು ದಿನಕ್ಕೆ ಒಂದು ಕೋಟಿ ಪ್ರತಿ ಮಾರಾಟವಾಯಿತು. ಹಾಗಿದ್ದರೂ ಪಶ್ಚಿಮದ ಗೇಮ್ ಒಂದರಲ್ಲಿ ಹಳೆಯ ಬಾಗಿಲೋ ಹಳೆಯ ನಡಿಗೆಯೋ ಕಂಡರೆ ಸಾಕು, ಸೋಮಾರಿಗಳು ಅಂತ ಬೈಗುಳದ ಮಳೆ.

ಸಣ್ಣ ತಂಡಗಳೇ ಪರಿಹಾರ ಅನ್ನುವ ಮಾತು 2025ರಲ್ಲಿ ಜೋರಾಯಿತು. ಫ್ರಾನ್ಸಿನ ಮೊಂಪೆಲಿಯೆ ಊರಿನ ಸ್ಯಾಂಡ್‌ಫಾಲ್ ಸ್ಟುಡಿಯೊ ಸುಮಾರು ಮೂವತ್ತು ಜನರ ತಂಡದಿಂದ, ಒಂದು ಕೋಟಿ ಡಾಲರ್‌ಗಿಂತ ಕಡಿಮೆ ಖರ್ಚಿನಲ್ಲಿ, 'ಎಕ್ಸ್‌ಪೆಡಿಷನ್ 33' ಮಾಡಿತು. 33 ದಿನದಲ್ಲಿ 33 ಲಕ್ಷ ಪ್ರತಿ ಮಾರಾಟ, ವರ್ಷದ ಕೊನೆಗೆ ಗೇಮ್ ಆಫ್ ದಿ ಇಯರ್. ನನಗೂ ಬಹಳ ಇಷ್ಟವಾದ ಗೇಮ್. ಆದರೆ ಮೂವತ್ತೇ ಜನ ಮಾಡಿದರು ಅನ್ನುವ ಕಥೆಯನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಕೇಳಬೇಕು. ಕೊರಿಯಾದ ಆ್ಯನಿಮೇಟರ್‌ಗಳು, ಸಂಗೀತಗಾರರು, ದನಿ ಕೊಟ್ಟವರು, ಪರೀಕ್ಷೆ ಮಾಡಿದವರು ಎಲ್ಲರೂ ಕ್ರೆಡಿಟ್‌ನಲ್ಲಿದ್ದಾರೆ. ಜೊತೆಗೆ, ಹೀಗೆ ಗೆದ್ದ ಒಂದರ ಪಕ್ಕದಲ್ಲಿ ಯಾರ ಕಣ್ಣಿಗೂ ಬೀಳದೆ ಮುಳುಗಿದ ಸಣ್ಣ ಗೇಮುಗಳ ರಾಶಿಯೇ ಇದೆ. ಸಣ್ಣದಾದ ಮಾತ್ರಕ್ಕೆ ಬದುಕುತ್ತೇವೆ ಅಂತೇನಿಲ್ಲ. ಸೋತಾಗ ಮತ್ತೆ ಎದ್ದು ನಿಲ್ಲಲು ಆಗುತ್ತೆ, ಅಷ್ಟೇ ವ್ಯತ್ಯಾಸ. ಅದು ಕಡಿಮೆ ವ್ಯತ್ಯಾಸವೇನಲ್ಲ.

ಪ್ಲೇಸ್ಟೇಷನ್ ಸ್ಟುಡಿಯೊಗಳ ಮುಖ್ಯಸ್ಥರಾಗಿದ್ದ ಶಾನ್ ಲೇಡನ್ 2020ರಲ್ಲೇ ಇದನ್ನು ಹೇಳಿದ್ದರು. ಖರ್ಚು ಹೀಗೆ ಏರುತ್ತಾ ಹೋದರೆ ಉಳಿಗಾಲ ಇಲ್ಲ, 12–15 ಗಂಟೆಯಲ್ಲಿ ಮುಗಿಯುವ ಗೇಮುಗಳಿಗೆ ವಾಪಸ್ ಹೋಗೋಣ ಅಂತ. ನನ್ನಂತೆ ಕೆಲಸ, ಮಕ್ಕಳು, ಮನೆ ಅಂತ ಇರುವವರಿಗೆ 15 ಗಂಟೆ ಅಂದರೇ ಒಂದು ತಿಂಗಳು. ನೂರು ಗಂಟೆಯ ಗೇಮುಗಳನ್ನು ನಾನು ಮುಗಿಸುವುದನ್ನು ಯಾವತ್ತೋ ಬಿಟ್ಟೆ. ನಾನು ಕಾಣದ ಆ ಎಂಬತ್ತು ಗಂಟೆಗಾಗಿ ಯಾರೋ ಭಾನುವಾರವೂ ಆಫೀಸಿನಲ್ಲಿ ಕೂತಿದ್ದರು.

ಈಗ ಎಲ್ಲರೂ ಕಾಯುತ್ತಿರುವುದು ಜಿಟಿಎ 6ಕ್ಕೆ. ಸದ್ಯಕ್ಕೆ ಹೇಳಿರುವ ದಿನ 2026ರ ನವೆಂಬರ್ 19. ಅದು ಗೆಲ್ಲುತ್ತೆ, ನನಗೆ ಅನುಮಾನವೇ ಇಲ್ಲ. ಐದನೆಯದ್ದು 20 ಕೋಟಿಗೂ ಜಾಸ್ತಿ ಮಾರಿದೆ, ಅದರ ಆನ್‌ಲೈನ್ ಆವೃತ್ತಿ ವರ್ಷಗಟ್ಟಲೆ ದುಡ್ಡು ತಂದಿದೆ. ಹದಿಮೂರು ವರ್ಷ ಕಾಯುವ ತಾಕತ್ತು ಬಂದದ್ದು ಅಲ್ಲಿಂದ. ಬೇರೆ ಯಾರ ಹತ್ತಿರವೂ ಅಂಥ ಗಂಟಿಲ್ಲ. ಆದರೂ ಅದು ಗೆದ್ದ ಮಾರನೇ ವಾರ ಎಷ್ಟು ಬೋರ್ಡ್ ರೂಮುಗಳಲ್ಲಿ "ನೋಡಿ, ಎಷ್ಟು ತಡ ಆದರೂ ಜನ ಬಂದೇ ಬರ್ತಾರೆ" ಅನ್ನುವ ಮಾತು ಬರುತ್ತೋ, ಎಷ್ಟು ಸ್ಟುಡಿಯೊಗಳು ಅದನ್ನು ನಂಬಿ ಇನ್ನೂ ಎರಡು ವರ್ಷ ಸೇರಿಸಿಕೊಳ್ಳುತ್ತವೋ ಅನ್ನುವುದು ನನ್ನ ಹೆದರಿಕೆ. ನಾನಂತೂ ಮೊದಲ ದಿನವೇ ಕೊಳ್ಳುತ್ತೇನೆ, ಈ ಸಲ ಅಸಲಿ ಪ್ರತಿ. ಜಿಟಿಎ 7 ಬರುವಾಗ ನನಗೆಷ್ಟು ವಯಸ್ಸಾಗಿರುತ್ತೆ ಅನ್ನುವ ಲೆಕ್ಕಕ್ಕೆ ಮಾತ್ರ ಕೈ ಹಾಕಿಲ್ಲ.